ಎರಡು ಬಾರಿ ಅಧಿಕಾರ ಬಿಟ್ಟ ಅತ್ತೂರಿನ ಪೂಣಚ್ಚ

ಗೋಣಿಕೊಪ್ಪಲು: ರಾಷ್ಟ್ರಪತಿ ಚುನಾವಣೆಯೊಂದು ದೇಶದ ಅತಿ ದೊಡ್ಡ ರಾಜಕೀಯ ಪಕ್ಷವನ್ನು ಎರಡಾಗಿ ಸೀಳಿದ್ದು 1969ರಲ್ಲಿ. ಆ ಒಡಕಿನ ಮೊದಲ ಬಿರುಕು ಕಾಣಿಸಿಕೊಂಡದ್ದು ಬೆಂಗಳೂರಿನಲ್ಲಿ. ಪಕ್ಷದ ಅಧ್ಯಕ್ಷಗಾದಿಯಲ್ಲಿದ್ದವರು ಚಿತ್ರದುರ್ಗದ ಎಸ್. ನಿಜಲಿಂಗಪ್ಪ. ಇಂದಿರಾ ಗಾಂಧಿಯವರ ಸಚಿವ ಸಂಪುಟದಲ್ಲಿ ಉಕ್ಕು ಮತ್ತು ಭಾರಿ ಎಂಜಿನಿಯರಿಂಗ್ ಖಾತೆ ಹೊಂದಿದ್ದವರು ಗೋಣಿಕೊಪ್ಪಲು ಸಮೀಪದ ಅತ್ತೂರಿನ ಚೆಪ್ಪುಡೀರ ಮುತ್ತಣ್ಣ ಪೂಣಚ್ಚ. ಸರ್ಕಾರ ಒಂದು ದಿಕ್ಕಿಗೆ, ಸಂಸ್ಥೆ ಇನ್ನೊಂದು ದಿಕ್ಕಿಗೆ ಎಳೆಯುತ್ತಿದ್ದಾಗ ಎರಡರ ನಡುವೆಯೂ ನಿಂತಿದ್ದ ಈ ಕೊಡಗಿನ ಮುಖಂಡ ಕೊನೆಗೆ ಮಂತ್ರಿಪದವಿಯನ್ನು ಬಿಟ್ಟು ಸಂಸ್ಥೆಯ ಕಡೆಗೆ ನಡೆದರು.

ಕಾಫಿ ತೋಟ ಮತ್ತು ಗದ್ದೆಗಳ ನಡುವಿನ ಅತ್ತೂರಿನಲ್ಲಿ 1910ರಲ್ಲಿ ಪೂಣಚ್ಚ ಜನಿಸಿದರು. ಸೈನ್ಯಕ್ಕೆ ಅಧಿಕಾರಿಗಳನ್ನೂ, ಬ್ರಿಟಿಷ್ ಆಡಳಿತಕ್ಕೆ ನೌಕರರನ್ನೂ ಕೊಡುತ್ತಿದ್ದ ನಾಡು ಅದು. ಚೀಫ್ ಕಮಿಷನರ್ ಆಡಳಿತದಲ್ಲಿದ್ದ ಅಂದಿನ ಕೊಡಗಿನಲ್ಲಿ ಸರ್ಕಾರಿ ಕೆಲಸ ಅಥವಾ ತೋಟದ ಉಸ್ತುವಾರಿ ಸುಶಿಕ್ಷಿತ ಯುವಕನ ಮುಂದಿದ್ದ ಸಹಜ ದಾರಿಗಳು. ಪೂಣಚ್ಚ ಹಿಡಿದದ್ದು ಸೆರೆಮನೆಯ ದಾರಿ. ಮೂವತ್ತರ ದಶಕದ ಕಾನೂನುಭಂಗ ಚಳವಳಿಯಿಂದ 1942ರ ಕ್ವಿಟ್ ಇಂಡಿಯಾ ಚಳವಳಿಯವರೆಗೆ ಅವರು ಹಲವು ಬಾರಿ ಬಂಧನಕ್ಕೊಳಗಾದರು. 1934ರಲ್ಲಿ ಮಹಾತ್ಮ ಗಾಂಧಿ ಕೊಡಗಿಗೆ ಭೇಟಿ ನೀಡಿದಾಗ ಈ ಪುಟ್ಟ ನಾಡಿನಲ್ಲೂ ಕಾಂಗ್ರೆಸ್ ಬೇರೂರತೊಡಗಿತ್ತು. ಆ ಪೀಳಿಗೆಯವರಿಗೆ ಪಕ್ಷವೆಂದರೆ ಚುನಾವಣೆಯ ಚಿಹ್ನೆಯಾಗಿರಲಿಲ್ಲ. ಜೈಲಿನ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡವರ ಬಳಗವಾಗಿತ್ತು. ಪೂಣಚ್ಚನವರ ಮುಂದಿನ ನಿರ್ಧಾರಗಳನ್ನು ತಿಳಿಯಲು ಈ ಹಿನ್ನೆಲೆ ಮುಖ್ಯವಾಗುತ್ತದೆ.

ಸಂವಿಧಾನ ರಚನಾ ಸಭೆಯಲ್ಲಿ ಕೊಡಗಿಗೆ ಇದ್ದದ್ದು ಒಂದೇ ಸ್ಥಾನ. ಆ ಸ್ಥಾನದಲ್ಲಿ ಕುಳಿತವರು ಪೂಣಚ್ಚ.

ತನ್ನ ಕುರ್ಚಿಯನ್ನೇ ತೆಗೆದ ಮುಖ್ಯಮಂತ್ರಿ

ಗಣರಾಜ್ಯ ಸ್ಥಾಪನೆಯಾದಾಗ ಕೊಡಗು 'ಸಿ' ದರ್ಜೆಯ ರಾಜ್ಯವಾಯಿತು. 1951ರ ಜನಗಣತಿಯಂತೆ ಅದರ ಜನಸಂಖ್ಯೆ ಸುಮಾರು 2.29 ಲಕ್ಷ. 1952ರಲ್ಲಿ ನಡೆದ ಮೊದಲ ಹಾಗೂ ಕೊನೆಯ ವಿಧಾನಸಭಾ ಚುನಾವಣೆಯಲ್ಲಿ 24 ಸ್ಥಾನಗಳ ಪೈಕಿ 15ನ್ನು ಕಾಂಗ್ರೆಸ್ ಗೆದ್ದುಕೊಂಡಿತು. ಪೂಣಚ್ಚ ಮುಖ್ಯಮಂತ್ರಿಯಾದರು. ಸಂಪುಟದಲ್ಲಿದ್ದವರು ಇಬ್ಬರೇ; ಇನ್ನೊಬ್ಬರು ಕುಟ್ಟೂರು ಮಲ್ಲಪ್ಪ.

ಆ ಚುನಾವಣೆಯ ಕೇಂದ್ರದಲ್ಲಿದ್ದ ಪ್ರಶ್ನೆ ಕೊಡಗಿನ ಅಸ್ತಿತ್ವದ್ದು. ನೆರೆಯ ಮೈಸೂರಿನೊಡನೆ ವಿಲೀನವಾಗಬೇಕೆ, ಪ್ರತ್ಯೇಕವಾಗಿಯೇ ಉಳಿಯಬೇಕೆ ಎಂಬ ವಿಷಯದಲ್ಲಿ ನಾಡು ಎರಡಾಗಿತ್ತು. ಪ್ರತ್ಯೇಕತೆಯ ಪರ ನಿಂತ ತಕ್ಕಡಿ ಚಿಹ್ನೆಯ ಬಣಕ್ಕೆ ಮತ್ತೊಬ್ಬ ಗಾಂಧಿವಾದಿ ಪಂದ್ಯಂಡ ಬೆಳ್ಯಪ್ಪ ನಾಯಕರಾಗಿದ್ದರು. ಚಿಕ್ಕ ನಾಡಿನ ಜನ ದೊಡ್ಡ ರಾಜ್ಯದಲ್ಲಿ ಕಳೆದುಹೋಗುತ್ತಾರೆಂಬುದು ಒಂದು ವಾದ. ಎರಡು ಮೂರು ಲಕ್ಷ ಜನರ ರಾಜ್ಯ ತನ್ನ ಕಾಲ ಮೇಲೆ ನಿಲ್ಲಲಾರದೆಂಬುದು ಎದುರು ವಾದ. ಇಬ್ಬರೂ ಸ್ವಾತಂತ್ರ್ಯ ಹೋರಾಟದಿಂದ ಬಂದವರು. ಯಾರನ್ನೂ ನಾಡದ್ರೋಹಿಯೆಂದು ಕರೆಯುವಂತಿರಲಿಲ್ಲ.

ಪೂಣಚ್ಚ ಮತ್ತು ಅವರ ಪಕ್ಷ ವಿಲೀನದ ಪರ ನಿಂತಿತು. 1956ರ ನವೆಂಬರ್ 1ರಂದು ರಾಜ್ಯ ಪುನರ್ವಿಂಗಡಣೆ ಜಾರಿಗೆ ಬಂದಾಗ ಕೊಡಗು ವಿಶಾಲ ಮೈಸೂರಿನ ಒಂದು ಜಿಲ್ಲೆಯಾಯಿತು. ಅದರೊಂದಿಗೆ ಮಡಿಕೇರಿಯ ಮುಖ್ಯಮಂತ್ರಿ ಪದವಿಯೂ ಇಲ್ಲವಾಯಿತು. ತಾನು ಕುಳಿತ ಕುರ್ಚಿಯೇ ಇಲ್ಲದಂತಾಗುವ ವ್ಯವಸ್ಥೆಯನ್ನು ಒಪ್ಪಿದ ಮುಖ್ಯಮಂತ್ರಿಗಳು ದೇಶದಲ್ಲಿ ಬಹಳ ಮಂದಿ ಇಲ್ಲ. ಹೊಸ ರಾಜ್ಯದ ಮೊದಲ ಮುಖ್ಯಮಂತ್ರಿ ನಿಜಲಿಂಗಪ್ಪನವರ ಸಂಪುಟಕ್ಕೆ ಪೂಣಚ್ಚ ಸೇರಿದರು. ಹದಿಮೂರು ವರ್ಷಗಳ ಬಳಿಕ ದೆಹಲಿಯಲ್ಲಿ ಪರೀಕ್ಷೆಗೊಳಗಾಗಲಿದ್ದ ಒಡನಾಟ ಆಡಳಿತದಲ್ಲಿ ಆರಂಭವಾದದ್ದು ಹೀಗೆ.

ರೈಲಿಲ್ಲದ ಜಿಲ್ಲೆಯ ರೈಲ್ವೆ ಮಂತ್ರಿ

ಮುಂದೆ ಪೂಣಚ್ಚ ಕೇಂದ್ರದ ಕೆಲಸಗಳತ್ತ ಹೊರಳಿದರು. ಭಾರತ ರಾಜ್ಯ ವ್ಯಾಪಾರ ನಿಗಮದ ಅಧ್ಯಕ್ಷರಾದರು, ರಾಜ್ಯಸಭೆಯ ಸದಸ್ಯರಾದರು. 1967ರ ಚುನಾವಣೆಯಲ್ಲಿ ಮಂಗಳೂರು ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾದರು. ಅದೇ ಮಾರ್ಚ್‌ನಲ್ಲಿ ಇಂದಿರಾ ಗಾಂಧಿ ಅವರಿಗೆ ರೈಲ್ವೆ ಖಾತೆಯನ್ನು ವಹಿಸಿದರು. ಇಂದಿಗೂ ರೈಲು ಹಳಿ ಕಾಣದ ಕೊಡಗಿನಿಂದ ಬಂದವರು ದೇಶದ ರೈಲ್ವೆಯ ಹೊಣೆ ಹೊತ್ತದ್ದು ಜಿಲ್ಲೆಯಲ್ಲಿ ಹೆಮ್ಮೆಯೂ ಹೌದು, ಹಾಸ್ಯದ ಮಾತೂ ಹೌದು.

ಅದು ಸುಲಭದ ಅವಧಿಯಾಗಿರಲಿಲ್ಲ. 1968ರ ಸೆಪ್ಟೆಂಬರ್ 19ರಂದು ಕೇಂದ್ರ ಸರ್ಕಾರಿ ನೌಕರರು ನಡೆಸಿದ ಒಂದು ದಿನದ ಮುಷ್ಕರ ರೈಲ್ವೆಯನ್ನೂ ತಟ್ಟಿತು. ದೆಹಲಿ ಹಾಗೂ ಹೌರಾ ನಡುವಿನ ಮೊದಲ ರಾಜಧಾನಿ ಎಕ್ಸ್‌ಪ್ರೆಸ್ 1969ರ ಮಾರ್ಚ್ 1ರಂದು ಹೊರಟಿತು. ಅದಕ್ಕೆ ಎರಡು ವಾರ ಮೊದಲು, ಫೆಬ್ರುವರಿಯ ಖಾತೆ ಬದಲಾವಣೆಯಲ್ಲಿ, ಪೂಣಚ್ಚ ಉಕ್ಕು ಮತ್ತು ಭಾರಿ ಎಂಜಿನಿಯರಿಂಗ್ ಖಾತೆಗೆ ವರ್ಗವಾಗಿದ್ದರು.

ಗಾಜಿನ ಮನೆಯಲ್ಲಿ ಬಿರುಕು

1969ರ ಮೇ 3ರಂದು ರಾಷ್ಟ್ರಪತಿ ಜಾಕಿರ್ ಹುಸೇನ್ ನಿಧನರಾದರು. ಉಪರಾಷ್ಟ್ರಪತಿ ವಿ.ವಿ. ಗಿರಿ ಹಂಗಾಮಿ ರಾಷ್ಟ್ರಪತಿಯಾದರು. ಗಿರಿಯವರು 1965ರಿಂದ 1967ರವರೆಗೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು. ಆಗ ಮುಖ್ಯಮಂತ್ರಿಯಾಗಿದ್ದವರು ನಿಜಲಿಂಗಪ್ಪ. ಜುಲೈನಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಸಭೆ ಸೇರಿತು. ಅದೇ ಸಮಯದಲ್ಲಿ ಸೇರಿದ ಪಕ್ಷದ ಸಂಸದೀಯ ಮಂಡಳಿ ರಾಷ್ಟ್ರಪತಿ ಸ್ಥಾನಕ್ಕೆ ಲೋಕಸಭೆಯ ಸ್ಪೀಕರ್ ನೀಲಂ ಸಂಜೀವ ರೆಡ್ಡಿಯವರನ್ನು ಬಹುಮತದಿಂದ ಆರಿಸಿತು. ಜಗಜೀವನ ರಾಂ ಹೆಸರನ್ನು ಮುಂದಿಟ್ಟಿದ್ದ ಪ್ರಧಾನಿಗೆ ಸೋಲಾಯಿತು.

ರೆಡ್ಡಿಯವರ ಆಯ್ಕೆ ವಿವಾದಕ್ಕೆ ಸಿಲುಕಲು ಕಾರಣ ಅವರ ಅರ್ಹತೆಯಷ್ಟೇ ಅಲ್ಲ. ಕರ್ನೂಲಿನ ಬಸ್ ಮಾರ್ಗಗಳ ರಾಷ್ಟ್ರೀಕರಣ ಕುರಿತ ಸುಪ್ರೀಂ ಕೋರ್ಟ್ ಅಭಿಪ್ರಾಯದ ಬಳಿಕ 1964ರಲ್ಲಿ ಅವರು ಆಂಧ್ರದ ಮುಖ್ಯಮಂತ್ರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟಿದ್ದು ನಿಜ. ಆದರೆ ಪ್ರಧಾನಿ ಬಣದ ಭಯವೇ ಬೇರೆ. ಕಾಮರಾಜ್, ಎಸ್.ಕೆ. ಪಾಟೀಲ್, ಅತುಲ್ಯ ಘೋಷ್, ನಿಜಲಿಂಗಪ್ಪ ಮೊದಲಾದ ಹಿರಿಯರ 'ಸಿಂಡಿಕೇಟ್' ತನ್ನವರನ್ನು ರಾಷ್ಟ್ರಪತಿ ಭವನದಲ್ಲಿ ಕೂರಿಸಿ ಪ್ರಧಾನಿಯನ್ನೇ ಬದಲಿಸಲಿದೆಯೆಂಬ ಶಂಕೆ ಅದು.

ಮುಂದಿನ ಹತ್ತು ದಿನಗಳ ವೇಗ ಹಿರಿಯರನ್ನು ತಬ್ಬಿಬ್ಬುಗೊಳಿಸಿತು. ಗಿರಿ ಪಕ್ಷೇತರರಾಗಿ ಸ್ಪರ್ಧಿಸುವುದಾಗಿ ಘೋಷಿಸಿದರು. ಜುಲೈ 16ರಂದು ಇಂದಿರಾ ಅವರು ಮೊರಾರ್ಜಿ ದೇಸಾಯಿಯವರಿಂದ ಹಣಕಾಸು ಖಾತೆ ಹಿಂಪಡೆದರು. ಮೊರಾರ್ಜಿ ಸಂಪುಟ ತೊರೆದರು. ಜುಲೈ 19ರಂದು ಸುಗ್ರೀವಾಜ್ಞೆಯ ಮೂಲಕ 14 ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕ್, ಮಣಿಪಾಲದ ಸಿಂಡಿಕೇಟ್ ಬ್ಯಾಂಕ್ ಆ ಪಟ್ಟಿಯಲ್ಲಿದ್ದವು. ಪೂಣಚ್ಚ ಆ ಸಂಪುಟದ ಸದಸ್ಯರು ಹಾಗೂ ಮಂಗಳೂರಿನ ಲೋಕಸಭಾ ಸದಸ್ಯರು. ಸಂಪ್ರದಾಯಶೀಲ ಕಾಂಗ್ರೆಸ್ಸಿಗರ ಇಕ್ಕಟ್ಟು ಇಲ್ಲಿಯೇ ಗಟ್ಟಿಯಾಯಿತು. ಸರ್ಕಾರದ ತೀರ್ಮಾನಕ್ಕೆ ಸಾಮೂಹಿಕ ಹೊಣೆ ಹೊತ್ತವರು ಪಕ್ಷದ ಅಭ್ಯರ್ಥಿಯ ವಿಷಯದಲ್ಲಿ ಪ್ರಧಾನಿಗೆ ವಿರುದ್ಧವಾಗಿ ನಿಲ್ಲಬಹುದೆ?

ಆತ್ಮಸಾಕ್ಷಿಯೋ, ಶಿಸ್ತೋ

ರೆಡ್ಡಿಯವರ ನಾಮಪತ್ರಕ್ಕೆ ಸ್ವತಃ ಇಂದಿರಾ ಗಾಂಧಿ ಸಹಿ ಹಾಕಿದ್ದರು. ಆದರೆ ಮತದಾನ ಸಮೀಪಿಸಿದಂತೆ ಪಕ್ಷದ ಸಂಸದರಿಗೆ ವಿಪ್ ಕೊಡಲು ಒಪ್ಪಲಿಲ್ಲ. ಪ್ರತಿಯೊಬ್ಬರೂ ಆತ್ಮಸಾಕ್ಷಿಯಂತೆ ಮತ ಹಾಕಲಿ ಎಂಬ ನಿಲುವು ಮುಂದಕ್ಕೆ ಬಂತು. ಇತ್ತ ನಿಜಲಿಂಗಪ್ಪ ಜನಸಂಘ ಮತ್ತು ಸ್ವತಂತ್ರ ಪಕ್ಷಗಳ ನಾಯಕರನ್ನು ಕಂಡು, ಅವರ ಅಭ್ಯರ್ಥಿ ಸಿ.ಡಿ. ದೇಶಮುಖರಿಗೆ ಮತ ಹಾಕುವವರು ಎರಡನೇ ಪ್ರಾಶಸ್ತ್ಯವನ್ನು ರೆಡ್ಡಿಯವರಿಗೆ ನೀಡುವಂತೆ ಕೋರಿದರು. ಇದು ದೊಡ್ಡ ಅಸ್ತ್ರವಾಗಿ ಪ್ರಧಾನಿ ಬಣದ ಕೈಸೇರಿತು. ಸಂಸ್ಥೆಯ ಶಿಸ್ತಿನ ಮಾತಾಡುವವರು ವಿರೋಧ ಪಕ್ಷಗಳೊಡನೆ ಒಳಒಪ್ಪಂದ ಮಾಡಿಕೊಂಡಿದ್ದಾರೆಂಬ ಆರೋಪ ಬಂತು.

ಹಿರಿಯರ ಪಾಳಯದೊಳಗೂ ಒಮ್ಮತವಿರಲಿಲ್ಲ. ಸಂಸದೀಯ ಮಂಡಳಿಯಲ್ಲಿ ರೆಡ್ಡಿಯವರ ಪರ ನಿಂತಿದ್ದ ಯಶವಂತರಾವ್ ಚವಾಣ್ ಮುಂದೆ ಪ್ರಧಾನಿಯೊಡನೆಯೇ ಉಳಿದರು. ಅಭ್ಯರ್ಥಿ ಮೆಚ್ಚುಗೆಯಾಗದಿದ್ದರೂ ಪಕ್ಷ ತೀರ್ಮಾನಿಸಿದ ಮೇಲೆ ಮುಗಿಯಿತೆಂದು ಕೆಲವರು ನಂಬಿದ್ದರು. ಸರ್ಕಾರ ಬಿದ್ದರೆ ಪಕ್ಷ ಉಳಿಯದೆಂದು ಇನ್ನು ಕೆಲವರು ಹೆದರಿದ್ದರು. ಮೈಸೂರಿನಲ್ಲಿ ವೀರೇಂದ್ರ ಪಾಟೀಲರ ಸರ್ಕಾರ ನಿಜಲಿಂಗಪ್ಪನವರ ಬೆನ್ನಿಗಿತ್ತು. ಎರಡೂ ಕಡೆಯವರು ತಮ್ಮ ನಿಲುವಿಗೆ ಸ್ವಾತಂತ್ರ್ಯ ಹೋರಾಟದ ಪರಂಪರೆಯನ್ನೇ ಆಧಾರವಾಗಿ ತೋರಿಸಿದರು.

ಆಗಸ್ಟ್ 16ರಂದು ಮತದಾನ ನಡೆಯಿತು. ಒಬ್ಬೊಬ್ಬ ಸಂಸದನ ಮತದ ಮೌಲ್ಯ 576. ಮತದಾನ ಗುಪ್ತವಾಗಿದ್ದುದರಿಂದ ಯಾರ ಮತ ಯಾರಿಗೆ ಎಂಬುದು ಆಯಾ ಸದಸ್ಯನ ಮನಸ್ಸಿಗಷ್ಟೇ ಗೊತ್ತು. ಆಗಸ್ಟ್ 20ರಂದು ಎಣಿಕೆ ನಡೆದಾಗ ಮೊದಲ ಪ್ರಾಶಸ್ತ್ಯದಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖರಿಗೆ 1,12,769 ಮೌಲ್ಯದ ಮತಗಳು ಬಂದಿದ್ದವು. ಗೆಲುವಿಗೆ ಬೇಕಾದ ಮಿತಿಯನ್ನು ಯಾರೂ ದಾಟಿರಲಿಲ್ಲ. ಎರಡನೇ ಪ್ರಾಶಸ್ತ್ಯಗಳನ್ನು ಸೇರಿಸಿದ ಬಳಿಕ ಗಿರಿ 4,20,077 ಮತ್ತು ರೆಡ್ಡಿ 4,05,427. ಪಕ್ಷದ ಅಧಿಕೃತ ಅಭ್ಯರ್ಥಿ 14,650ರ ಅಂತರದಲ್ಲಿ ಸೋತರು.

ಸೋಲಿನ ಹಿಂದೆಯೇ ಲೆಕ್ಕ ಕೇಳುವ ಕೆಲಸ ಆರಂಭವಾಯಿತು. ನವೆಂಬರ್ 1ರಂದು ದೆಹಲಿಯಲ್ಲಿ ಕಾಂಗ್ರೆಸ್ ಕಾರ್ಯಕಾರಿ ಸಮಿತಿಯ ಎರಡು ಸಭೆಗಳು ನಡೆದವು. ಒಂದು ಪಕ್ಷದ ಕಚೇರಿಯಲ್ಲಿ, ಇನ್ನೊಂದು ಪ್ರಧಾನಿಯ ನಿವಾಸದಲ್ಲಿ. ನವೆಂಬರ್ 12ರಂದು ನಿಜಲಿಂಗಪ್ಪನವರ ನೇತೃತ್ವದ ಸಮಿತಿ ಪ್ರಧಾನಿಯನ್ನೇ ಪಕ್ಷದಿಂದ ಉಚ್ಚಾಟಿಸಿತು. ಸಂಸದರಲ್ಲಿ ಬಹುಪಾಲು ಮಂದಿ ಪ್ರಧಾನಿಯ ಜೊತೆ ಹೋದರು. ಅದೇ ತಿಂಗಳು ಸಂಪುಟದಿಂದ ಹೊರಬಂದವರಲ್ಲಿ ರಾಮ್ ಸುಭಗ್ ಸಿಂಗ್ ಒಬ್ಬರು, ಪೂಣಚ್ಚ ಇನ್ನೊಬ್ಬರು. ಪೂಣಚ್ಚ ಸಂಸ್ಥಾ ಕಾಂಗ್ರೆಸ್ಸಿನಲ್ಲಿ ಉಳಿದರು. ಅವರ ಹಳೆಯ ಸಹೋದ್ಯೋಗಿ ರಾಮ್ ಸುಭಗ್ ಸಿಂಗ್ ಲೋಕಸಭೆಯಲ್ಲಿ ಮಾನ್ಯತೆ ಪಡೆದ ಮೊದಲ ವಿರೋಧ ಪಕ್ಷದ ನಾಯಕರಾದರು.

ಬೆಲೆ ಮತ್ತು ಮರಳಿಕೆ

ಈ ನಿರ್ಧಾರದ ಬೆಲೆ 1971ರಲ್ಲಿ ತಿಳಿಯಿತು. ಆ ವರ್ಷದ ಲೋಕಸಭಾ ಚುನಾವಣೆಯಲ್ಲಿ ಮೈಸೂರು ರಾಜ್ಯದ 27 ಸ್ಥಾನಗಳನ್ನೂ ಇಂದಿರಾ ಕಾಂಗ್ರೆಸ್ ಬಾಚಿಕೊಂಡಿತು. ಕೊಡಗನ್ನು ಒಳಗೊಂಡಿದ್ದ ಮಂಗಳೂರು ಕ್ಷೇತ್ರವೂ ಅದರಲ್ಲಿ ಸೇರಿತ್ತು. ವೀರೇಂದ್ರ ಪಾಟೀಲರ ಸರ್ಕಾರ ಉರುಳಿತು. 1972ರಲ್ಲಿ ದೇವರಾಜ ಅರಸು ಅಧಿಕಾರಕ್ಕೆ ಬಂದರು. ದಶಕಗಳಿಂದ ರಾಜ್ಯವನ್ನು ಆಳಿದ ಒಂದು ತಲೆಮಾರು ಒಮ್ಮೆಗೇ ಬದಿಗೆ ಸರಿಯಿತು. ಬಡವರ ಪರವೆಂದು ಕಂಡ ಕಾರ್ಯಕ್ರಮಗಳ ಎದುರು ಸಂಸ್ಥೆಯ ನಿಯಮ, ಶಿಸ್ತುಗಳ ಮಾತು ಮತದಾರನಿಗೆ ಒಣ ಮಾತಾಗಿ ಕೇಳಿಸಿತೆಂಬುದನ್ನು ಅಲ್ಲಗಳೆಯಲಾಗದು. ಬ್ಯಾಂಕ್ ರಾಷ್ಟ್ರೀಕರಣವನ್ನು ಜನ ಸ್ವಾಗತಿಸುತ್ತಿದ್ದಾಗ ರಾಷ್ಟ್ರಪತಿ ಅಭ್ಯರ್ಥಿಯ ಆಯ್ಕೆಯ ವಿಧಿವಿಧಾನದ ಬಗ್ಗೆ ವಾದಿಸುತ್ತ ನಿಂತದ್ದು ಹಿರಿಯರ ರಾಜಕೀಯ ಸೋಲಿಗೆ ಮುಖ್ಯ ಕಾರಣವಾಯಿತು.

ಆದರೆ ಕಾಲ ಮತ್ತೊಂದು ತಿರುವು ಪಡೆಯಿತು. ತುರ್ತು ಪರಿಸ್ಥಿತಿಯ ನಂತರದ 1977ರ ಚುನಾವಣೆಯಲ್ಲಿ ಜನತಾ ಪಕ್ಷ ಕೇಂದ್ರದಲ್ಲಿ ಅಧಿಕಾರ ಹಿಡಿಯಿತು. ಆಂಧ್ರಪ್ರದೇಶದಲ್ಲಿ ಆ ಪಕ್ಷದಿಂದ ಗೆದ್ದ ಏಕೈಕ ಸಂಸದ ಸಂಜೀವ ರೆಡ್ಡಿ ಅದೇ ಜುಲೈನಲ್ಲಿ ಅವಿರೋಧವಾಗಿ ರಾಷ್ಟ್ರಪತಿಯಾದರು. ಎಂಟು ವರ್ಷಗಳ ಹಿಂದೆ ಯಾರ ಹೆಸರಿಗಾಗಿ ಪಕ್ಷ ಒಡೆದಿತ್ತೋ, ಈಗ ಅದೇ ಹೆಸರಿಗೆ ಎಲ್ಲ ಪಕ್ಷಗಳೂ ತಲೆದೂಗಿದವು. 1978ರ ಆಗಸ್ಟ್‌ನಲ್ಲಿ ಪೂಣಚ್ಚ ಮಧ್ಯಪ್ರದೇಶದ ರಾಜ್ಯಪಾಲರಾಗಿ ನೇಮಕಗೊಂಡರು. ನೇಮಕ ಮಾಡಿದ ರಾಷ್ಟ್ರಪತಿ ಸಂಜೀವ ರೆಡ್ಡಿ.

1980ರಲ್ಲಿ ಇಂದಿರಾ ಗಾಂಧಿ ಮರಳಿ ಪ್ರಧಾನಿಯಾದರು. ಫೆಬ್ರುವರಿಯಲ್ಲಿ ಒಂಬತ್ತು ರಾಜ್ಯಗಳ ವಿಧಾನಸಭೆಗಳು ವಿಸರ್ಜನೆಗೊಂಡವು. ಮಧ್ಯಪ್ರದೇಶವೂ ರಾಷ್ಟ್ರಪತಿ ಆಡಳಿತಕ್ಕೆ ಒಳಪಟ್ಟು, ಹಿಂದೆ ತಮ್ಮ ಸಂಪುಟ ತೊರೆದಿದ್ದ ಪೂಣಚ್ಚನವರ ಮೂಲಕವೇ ಕೇಂದ್ರ ಆ ರಾಜ್ಯವನ್ನು ನಡೆಸಬೇಕಾಯಿತು. ಏಪ್ರಿಲ್ ಕೊನೆಯಲ್ಲಿ ಅವರನ್ನು ಒಡಿಶಾಕ್ಕೆ ಕಳುಹಿಸಲಾಯಿತು, ಹುದ್ದೆಯಿಂದ ಕೆಳಗಿಳಿಸಲಿಲ್ಲ. 1983ರವರೆಗೆ ಅವರು ಅಲ್ಲಿ ರಾಜ್ಯಪಾಲರಾಗಿದ್ದರು. 1990ರಲ್ಲಿ ನಿಧನರಾದರು. ನಿಜಲಿಂಗಪ್ಪ ಇನ್ನೂ ಹತ್ತು ವರ್ಷ ಬದುಕಿ 2000ದ ಆಗಸ್ಟ್ 8ರಂದು ಕಣ್ಮುಚ್ಚಿದರು.

1969ರ ನಿಲುವು ಸರಿಯೇ ತಪ್ಪೇ ಎಂಬ ಚರ್ಚೆ ರಾಜ್ಯದ ರಾಜಕೀಯ ವಲಯದಲ್ಲಿ ಮುಗಿದಿಲ್ಲ. ಪಕ್ಷದೊಳಗಿನ ಬಹುಮತದ ತೀರ್ಮಾನವನ್ನು ನಾಯಕರೊಬ್ಬರ ಇಚ್ಛೆ ಮೀರಬಹುದೆಂಬ ರೂಢಿ ಆ ವರ್ಷ ಬೇರೂರಿತೆಂದು ಕೆಲವರು ಹೇಳುತ್ತಾರೆ. ಮುದಿಯಾಗಿದ್ದ ಸಂಸ್ಥೆಯನ್ನು ಕೊಡವಿ ಹಾಕದೆ ಬೇರೆ ದಾರಿ ಇರಲಿಲ್ಲವೆಂದು ಇನ್ನು ಕೆಲವರು ವಾದಿಸುತ್ತಾರೆ. ಪೂಣಚ್ಚನವರ ಬದುಕಿನ ಮಟ್ಟಿಗೆ ಲೆಕ್ಕ ಸರಳವಾಗಿದೆ. 1956ರಲ್ಲಿ ಅವರು ಒಪ್ಪಿದ ತೀರ್ಮಾನ ಅವರ ಮುಖ್ಯಮಂತ್ರಿ ಪದವಿಯನ್ನು ಕೊಂಡೊಯ್ದಿತು. 1969ರಲ್ಲಿ ಅವರು ಹಿಡಿದ ಪಕ್ಷ ಕೇಂದ್ರ ಮಂತ್ರಿ ಪದವಿಯನ್ನು ಕೊಂಡೊಯ್ದಿತು. ಮೊದಲನೆಯದರ ಫಲವಾಗಿ ಕೊಡಗು ಇಂದು ಕರ್ನಾಟಕದ ಜಿಲ್ಲೆ. ಎರಡನೆಯದು ಅವರಿಗೆ ಅಥವಾ ಕೊಡಗಿಗೆ ಯಾವ ಲಾಭವನ್ನೂ ತರಲಿಲ್ಲ.