ಸೆಕೆಂಡನ್ನು ಪರಮಾಣುವಿನ ವಶಕ್ಕಿತ್ತ ಲೂಯಿಸ್ ಎಸೆನ್

ಒಂದು ಸೆಕೆಂಡ್ ಎಂದರೆ ಎಷ್ಟು? ಶತಮಾನಗಳ ಕಾಲ ಈ ಪ್ರಶ್ನೆಗೆ ಭೂಮಿಯ ಚಲನೆಯೇ ಉತ್ತರವಾಗಿತ್ತು. ಆ ಅಧಿಕಾರವನ್ನು ಸೀಸಿಯಂ ಪರಮಾಣುವಿಗೆ ವರ್ಗಾಯಿಸಿದವರಲ್ಲಿ ಅಗ್ರಗಣ್ಯರು ಬ್ರಿಟನ್ನಿನ ಭೌತವಿಜ್ಞಾನಿ ಲೂಯಿಸ್ ಎಸೆನ್.

1908ರ ಸೆಪ್ಟೆಂಬರ್ 6ರಂದು ನಾಟಿಂಗ್‌ಹ್ಯಾಮ್‌ನಲ್ಲಿ ಜನಿಸಿದ ಎಸೆನ್, 1929ರಲ್ಲಿ ಟೆಡಿಂಗ್ಟನ್‌ನ ರಾಷ್ಟ್ರೀಯ ಭೌತ ಪ್ರಯೋಗಾಲಯವನ್ನು ಸೇರಿದರು. 1938ರಲ್ಲಿ ಅವರು ರೂಪಿಸಿದ ಉಂಗುರಾಕಾರದ ಕ್ವಾರ್ಟ್ಜ್ ಗಡಿಯಾರ ಬಹು ನಿಖರವಾಗಿತ್ತು. ಇಂಥ ಗಡಿಯಾರಗಳ ಮುಂದೆ ಭೂಮಿಯ ಗತಿಯೇ ಏರುಪೇರಾಗುವುದು ಕಾಣತೊಡಗಿತು. ಆದರೆ ಸ್ಫಟಿಕವೂ ವಯಸ್ಸಾದಂತೆ ತನ್ನ ಕಂಪನಾಂಕವನ್ನು ಬದಲಿಸುತ್ತದೆ. ಅಚಲವಾದ ಅಳತೆಗೋಲೊಂದು ಬೇಕಾಗಿತ್ತು.

ಬೆಳಕಿನ ವೇಗದ ಮಾಪನದಲ್ಲೂ ಎಸೆನ್ ಹೆಸರು ಮಾಡಿದರು. 1946ರಲ್ಲಿ ಗಾರ್ಡನ್-ಸ್ಮಿತ್ ಜೊತೆಗೂಡಿ ಅವರು ಪಡೆದ ಮೌಲ್ಯ ಸೆಕೆಂಡಿಗೆ 2,99,792 ಕಿ.ಮೀ. ಆಗ ಒಪ್ಪಿತವಾಗಿದ್ದ ಮೌಲ್ಯಕ್ಕಿಂತ ಅದು 16 ಕಿ.ಮೀ. ಹೆಚ್ಚು. 1950ರ ಮರುಪ್ರಯೋಗ ಅವರ ಲೆಕ್ಕವನ್ನೇ ಎತ್ತಿಹಿಡಿಯಿತು.

1955ರಲ್ಲಿ ಜ್ಯಾಕ್ ಪ್ಯಾರಿ ಅವರೊಡನೆ ನಿರ್ಮಿಸಿದ ಸೀಸಿಯಂ ಗಡಿಯಾರ ಕಾರ್ಯಾರಂಭಿಸಿತು. ಆದರೆ ಸೆಕೆಂಡೊಂದಕ್ಕೆ ಸೀಸಿಯಂ ಕಂಪನಗಳೆಷ್ಟು ಎಂದು ಹೇಳಲು ಆಕಾಶದ ಕಾಲವನ್ನೇ ಆಶ್ರಯಿಸಬೇಕಿತ್ತು. ಅಟ್ಲಾಂಟಿಕ್‌ನ ಆಚೆ, ವಾಷಿಂಗ್ಟನ್‌ನ ನೌಕಾ ವೀಕ್ಷಣಾಲಯದಲ್ಲಿ ವಿಲಿಯಂ ಮಾರ್ಕೊವಿಟ್ಜ್ ಚಂದ್ರನ ಛಾಯಾಚಿತ್ರಗಳಿಂದ ಆ ಕಾಲವನ್ನು ಗಣಿಸುತ್ತಿದ್ದರು.

ಈ ಎರಡು ದಡಗಳಿಗೆ ಸೇತುವೆಯಾದದ್ದು ರೇಡಿಯೊ ಸಮಯ ಸಂಕೇತ. ಅಮೆರಿಕದ ಡಬ್ಲ್ಯುಡಬ್ಲ್ಯುವಿ ಕೇಂದ್ರ ಬಿತ್ತರಿಸುತ್ತಿದ್ದ ಒಂದೇ ಸಂಕೇತವನ್ನು ಎರಡೂ ಕಡೆ ಆಲಿಸಿ, ತಮ್ಮ ಗಡಿಯಾರಗಳೊಡನೆ ಹೋಲಿಸಲಾಯಿತು. ಸಂಕೇತದ ಆಗಮನದಲ್ಲಿ ಸೆಕೆಂಡಿನ ಸಾವಿರದಲ್ಲೊಂದು ಭಾಗ ಹೆಚ್ಚುಕಡಿಮೆಯಾದರೂ, ಮೂರು ವರ್ಷಗಳ ಅವಧಿಗೆ ಹಂಚಿದಾಗ ಆ ದೋಷ ನಗಣ್ಯವಾಗುತ್ತಿತ್ತು. 1958ರಲ್ಲಿ ಉತ್ತರ ದೊರೆಯಿತು: 919 ಕೋಟಿ 26 ಲಕ್ಷ 31 ಸಾವಿರದ 770 ಕಂಪನಗಳು. 1967ರಲ್ಲಿ ಜಗತ್ತು ಇದೇ ಸಂಖ್ಯೆಯಿಂದ ಸೆಕೆಂಡನ್ನು ನಿರೂಪಿಸಿತು.

ಇಷ್ಟಾದರೂ ಎಸೆನ್ ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತವನ್ನು ಒಪ್ಪಲಿಲ್ಲ. 1971ರಲ್ಲಿ ಅದನ್ನು ಖಂಡಿಸಿ ಪುಸ್ತಿಕೆಯೊಂದನ್ನು ಪ್ರಕಟಿಸಿದರು. ವಿಜ್ಞಾನ ಲೋಕ ಅವರ ವಾದವನ್ನು ಮನ್ನಿಸಲಿಲ್ಲ. ಅದೇ ವರ್ಷ ವಿಮಾನಗಳಲ್ಲಿ ಭೂಮಿಯನ್ನು ಸುತ್ತಿದ ಸೀಸಿಯಂ ಗಡಿಯಾರಗಳು ಐನ್‌ಸ್ಟೈನರ ಪರವಾಗಿಯೇ ಸಾಕ್ಷಿ ನುಡಿದದ್ದು ವಿಧಿಯ ವಿಪರ್ಯಾಸ. ಮರುವರ್ಷ ನಿವೃತ್ತರಾದ ಎಸೆನ್, 1997ರ ಆಗಸ್ಟ್ 24ರಂದು ನಿಧನರಾದರು.

ದಾರಿ ತೋರುವ ಜಿಪಿಎಸ್ ಉಪಗ್ರಹಗಳು ಇಂದಿಗೂ ಪರಮಾಣು ಗಡಿಯಾರಗಳನ್ನೇ ನಂಬಿವೆ. ಅವು ಎಸೆನ್ನರ ಸೆಕೆಂಡನ್ನು ಎಣಿಸುತ್ತವೆ. ಅವರು ನಿರಾಕರಿಸಿದ ಸಿದ್ಧಾಂತದಿಂದಲೇ ಅದನ್ನು ತಿದ್ದಿಕೊಳ್ಳುತ್ತವೆ.