ಪ್ರೊ. ಎ.ಆರ್. ಕೃಷ್ಣಶಾಸ್ತ್ರೀ (1890–1968)

ಬೇಲೂರು, ಹಳೇಬೀಡುಗಳಿಗೆ ನೆರೆಯ ಚಿಕ್ಕಮಗಳೂರು ಜಿಲ್ಲೆಯ ಅಂಬಳೆ ಗ್ರಾಮದ ಮನೆತನಕ್ಕೆ ಸೇರಿದ ಪ್ರೊ. ಎ.ಆರ್. ಕೃಷ್ಣಶಾಸ್ತ್ರಿಗಳು ಕನ್ನಡದ ಹಿರಿಯ ವಿದ್ವಾಂಸರು ಹಾಗೂ ಅಧ್ಯಾಪಕರು.

ಇವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಸೇವೆ ಸಲ್ಲಿಸುತ್ತಿದ್ದ ಕಾಲದಲ್ಲಿ ಉನ್ನತ ಶಿಕ್ಷಣದ ಪಾಠ, ಚರ್ಚೆಗಳು ಬಹುತೇಕ ಇಂಗ್ಲಿಷಿನಲ್ಲಿಯೇ ನಡೆಯುತ್ತಿದ್ದವು. ಇದರಿಂದ ವಿದ್ಯಾವಂತರಿಗೂ ಜನಸಾಮಾನ್ಯರಿಗೂ ನಡುವೆ ಅಂತರ ಬೆಳೆದಿತ್ತು. ಇದನ್ನು ಮನಗಂಡ ಶಾಸ್ತ್ರಿಗಳು, ವಿದ್ಯಾರ್ಥಿಗಳೂ ಅಧ್ಯಾಪಕರೂ ಒಂದೆಡೆ ಕುಳಿತು ಕನ್ನಡದಲ್ಲಿ ವಿಚಾರ ವಿನಿಮಯ ಮಾಡಿಕೊಳ್ಳಲೆಂದು ಕಾಲೇಜಿನಲ್ಲಿ ಕರ್ಣಾಟಕ ಸಂಘವನ್ನು ಕಟ್ಟಿ ಬೆಳೆಸಿದರು. 1919ರಲ್ಲಿ ಸಂಘದ ಮೂಲಕ ‘ಪ್ರಬುದ್ಧ ಕರ್ಣಾಟಕ’ ತ್ರೈಮಾಸಿಕವನ್ನು ಆರಂಭಿಸಿ, ಅದರ ಸಂಪಾದಕತ್ವವನ್ನು ವಹಿಸಿದರು. ಕಾಲೇಜಿನೊಳಗಿನ ಚಿಂತನೆ ಇದರಿಂದ ನಾಡಿನ ಓದುಗರನ್ನು ತಲುಪಿತು. ಮುಂದೆ ಈ ಪತ್ರಿಕೆಯನ್ನು ಮೈಸೂರು ವಿಶ್ವವಿದ್ಯಾನಿಲಯವು ವಹಿಸಿಕೊಂಡಿತು. ಇತರ ಕಾಲೇಜುಗಳಲ್ಲಿಯೂ ಕರ್ಣಾಟಕ ಸಂಘಗಳು ಹುಟ್ಟಿಕೊಂಡವು.

ಅನಂತರ ಶಾಸ್ತ್ರಿಗಳು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಸೇವೆ ಸಲ್ಲಿಸಿದರು. ಮಹಾಭಾರತದ ಕಥೆಯನ್ನು ಸರಳ ಗದ್ಯದಲ್ಲಿ ನಿರೂಪಿಸುವ ‘ವಚನಭಾರತ’ ಇವರ ಜನಪ್ರಿಯ ಕೃತಿ. 1941ರಲ್ಲಿ ಹೈದರಾಬಾದಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. ‘ಬಂಗಾಳಿ ಕಾದಂಬರಿಕಾರ ಬಂಕಿಮಚಂದ್ರ’ ಕೃತಿಗೆ 1961ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. 1968ರಲ್ಲಿ ನಿಧನರಾದರು.

ಪದವಿ ನೀಡುವುದರೊಂದಿಗೆ, ತನ್ನ ನಾಡಿನ ಜನರೊಡನೆ ಅವರ ನುಡಿಯಲ್ಲಿಯೇ ಮಾತನಾಡಬಲ್ಲ ನಾಗರಿಕರನ್ನು ರೂಪಿಸುವುದೂ ಕಾಲೇಜಿನ ಕರ್ತವ್ಯವೆಂಬುದನ್ನು ಶಾಸ್ತ್ರಿಗಳು ಕಾರ್ಯತಃ ತೋರಿಸಿಕೊಟ್ಟರು.