ಗಡಿಯಾರದ ನಾಡಿ ಬಲ್ಲವನು

ಹದಿನೆಂಟನೆಯ ಶತಮಾನದ ಯುರೋಪಿನಲ್ಲಿ ಜೇಬುಗಡಿಯಾರವನ್ನು ಇಟ್ಟುಕೊಂಡವನು ಅದರ ಜೊತೆಗೆ ಪುಟ್ಟದೊಂದು ಕೀಲಿಕೈಯನ್ನೂ ಇಟ್ಟುಕೊಳ್ಳಬೇಕಾಗಿತ್ತು. ಹೊತ್ತಿಗೆ ಸರಿಯಾಗಿ ಕೀಲಿ ಕೊಡಲು ಮರೆತರೆ ಗಡಿಯಾರ ನಿಂತುಹೋಗುತ್ತಿತ್ತು. ಕೀಲಿ ಹಾಕುವ ರಂಧ್ರದಿಂದ ಧೂಳು ಒಳಹೊಕ್ಕು ಎಣ್ಣೆಯನ್ನು ಕೆಡಿಸುತ್ತಿತ್ತು. ಧರಿಸಿದವನ ನಡಿಗೆಯಿಂದಲೇ ತನಗೆ ತಾನೇ ಕೀಲಿ ಕೊಟ್ಟುಕೊಳ್ಳುವ ಗಡಿಯಾರವೊಂದನ್ನು ಮಾಡಲಾಗದೆ ಎಂದು ಆ ಕಾಲದ ಹಲವು ಕುಶಲಕರ್ಮಿಗಳು ಚಿಂತಿಸಿದರು. ಅದನ್ನು ನಂಬಿ ನಡೆಯಬಹುದಾದ ವಸ್ತುವನ್ನಾಗಿ ಮಾಡಿದವರಲ್ಲಿ ಅಬ್ರಹಾಂ ಲೂಯಿ ಬ್ರೆಗೆ ಅಗ್ರಗಣ್ಯನು.

ಬ್ರೆಗೆ 1747ರ ಜನವರಿ 10ರಂದು ಇಂದಿನ ಸ್ವಿಟ್ಜರ್ಲೆಂಡಿನ ನ್ಯೂಷಾಟೆಲ್ ಪಟ್ಟಣದಲ್ಲಿ ಜನಿಸಿದನು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡನು. ತಾಯಿ ಮರುಮದುವೆಯಾದಳು. ಮಲತಂದೆಯ ಬಂಧುಗಳು ಗಡಿಯಾರದ ಕಸುಬಿನವರಾಗಿದ್ದುದರಿಂದ ಹುಡುಗನೂ ಆ ಕಸುಬಿಗೆ ಸೇರಿದನು. 1762ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ, ಫ್ರಾನ್ಸಿನ ವರ್ಸೈಲ್ಸ್‌ಗೆ ಹೋಗಿ ಗುರುವೊಬ್ಬನ ಕೈಕೆಳಗೆ ಕೆಲಸ ಕಲಿಯತೊಡಗಿದನು. ಪ್ಯಾರಿಸಿನ ಮಜಾರಿನ್ ಕಾಲೇಜಿನಲ್ಲಿ ಮರಿ ಎಂಬ ಪಾದ್ರಿಯಿಂದ ಗಣಿತವನ್ನು ಕಲಿತನು. ಅರ, ತಿರುಪುಗಳನ್ನು ಹಿಡಿದ ಕೈಗೆ ಗಣಿತದ ಬಲವೂ ಕೂಡಿಬಂದುದು ಅವನ ಭಾಗ್ಯವೆನ್ನಬೇಕು. 1775ರಲ್ಲಿ ಪ್ಯಾರಿಸಿನ ಸೀನ್ ನದಿಯ ದಂಡೆಯಲ್ಲಿ ಅವನು ಸ್ವಂತ ಅಂಗಡಿಯನ್ನು ತೆರೆದನು. ಆ ದಂಡೆಗೆ ಗಡಿಯಾರದ ದಂಡೆಯೆಂದೇ ಹೆಸರು.

ತಾನೇ ಕೀಲಿ ಕೊಟ್ಟುಕೊಳ್ಳುವ ಗಡಿಯಾರದ ಕಲ್ಪನೆ ಬ್ರೆಗೆಯದೇ ಅಲ್ಲ. ಅವನಿಗಿಂತ ಮೊದಲೇ ಸ್ವಿಟ್ಜರ್ಲೆಂಡಿನ ಪೆರ್ಲೆ, ಲೀಜ್ ನಗರದ ಸಾರ್ತೋ ಮೊದಲಾದವರು ಆ ದಿಕ್ಕಿನಲ್ಲಿ ದುಡಿದಿದ್ದರು. ಆದರೆ ಅಂತಹ ಹಲವು ಗಡಿಯಾರಗಳಿಗೆ ಸಾಧಾರಣ ನಡಿಗೆ ಸಾಲುತ್ತಿರಲಿಲ್ಲ. ಯಜಮಾನನು ಓಡಬೇಕಾಗುತ್ತಿತ್ತು, ಇಲ್ಲವೆ ಕುಣಿದಾಡಬೇಕಾಗುತ್ತಿತ್ತು! ಬ್ರೆಗೆ ಪ್ಲಾಟಿನಂ ಲೋಹದ ತೂಕವೊಂದನ್ನು ಬಳಸಿದನು. ಪ್ಲಾಟಿನಂ ಚಿನ್ನಕ್ಕಿಂತಲೂ ಭಾರವಾದುದರಿಂದ ಸಣ್ಣ ತುಂಡೇ ಸಾಕಾಗುತ್ತಿತ್ತು. ಹಗುರವಾದ ಸ್ಪ್ರಿಂಗೊಂದು ಅದನ್ನು ನಡುವೆ ತೂಗಿ ಹಿಡಿಯುತ್ತಿತ್ತು. ಆದುದರಿಂದ ಪ್ರತಿ ಹೆಜ್ಜೆಗೂ ಆ ತೂಕವು ಮೇಲೆ ಕೆಳಗೆ ಆಡಿ, ಹಲ್ಲುಚಕ್ರಗಳ ಮೂಲಕ ಮುಖ್ಯ ಸ್ಪ್ರಿಂಗನ್ನು ಸುತ್ತುತ್ತಿತ್ತು. 1780ರಲ್ಲಿ ಇಂತಹ ಗಡಿಯಾರವೊಂದನ್ನು ಓರ್ಲಿಯನ್ಸಿನ ಡ್ಯೂಕನು ಕೊಂಡನು. ಎರಡು ವರ್ಷಗಳ ತರುವಾಯ ರಾಣಿ ಮೇರಿ ಆಂತ್ವಾನೆತ್ತಳಿಗೂ ಒಂದು ಸಂದಿತು. ಕೀರ್ತಿ ಮನೆಬಾಗಿಲಿಗೆ ಬಂದ ಆ 1780ರಲ್ಲಿಯೇ ಬ್ರೆಗೆಯ ಪತ್ನಿ ತೀರಿಕೊಂಡಳು. ಮಗನಿಗೆ ಆಗ ನಾಲ್ಕು ವರ್ಷ. ಬ್ರೆಗೆ ಮತ್ತೆ ಮದುವೆಯಾಗಲಿಲ್ಲ.

ಈ ಗಡಿಯಾರದ ಒಳಗೆ ಒಂದು ತೊಡಕಿದ್ದಿತು. ಆಡುವ ತೂಕಕ್ಕೆ ಎರಡು ಕಡೆಯೂ ಎಲ್ಲೆ ಬೇಕು. ಲೋಹದ ಎಲ್ಲೆಗೆ ಲೋಹದ ತೂಕ ಬಡಿದರೆ ಟಕ್ಕೆಂದು ಸದ್ದಾಗುತ್ತದೆ. ಸದ್ದು ಕಿವಿಗೆ ಕಿರಿಕಿರಿ ಎಂಬುದಷ್ಟೇ ದೋಷವಲ್ಲ. ಪ್ರತಿ ಬಡಿತದಲ್ಲಿಯೂ ಅಚ್ಚು ಸವೆಯುತ್ತದೆ, ತಿರುಪು ಸಡಿಲವಾಗುತ್ತದೆ. ದಿನಕ್ಕೆ ಸಾವಿರಾರು ಹೆಜ್ಜೆ ನಡೆಯುವವನ ಜೇಬಿನಲ್ಲಿ ಇದು ಸಣ್ಣ ಮಾತೇನೂ ಅಲ್ಲ. ಬ್ರೆಗೆ ಎಲ್ಲೆಗಳಲ್ಲಿ ಸ್ಪ್ರಿಂಗುಗಳನ್ನು ಇರಿಸಿ ಬಡಿತವನ್ನು ಮೆತ್ತಗಾಗಿಸಿದನು. ಮುಖ್ಯ ಸ್ಪ್ರಿಂಗು ಪೂರ್ತಿ ಸುತ್ತಿಕೊಂಡೊಡನೆ ತೂಕವನ್ನು ಹಿಡಿದು ನಿಲ್ಲಿಸುವ ಅಗುಳಿಯನ್ನೂ ಅಳವಡಿಸಿದನು. ಹೊಟ್ಟೆ ತುಂಬಿದ ಗಡಿಯಾರ ಮತ್ತೆ ಉಣ್ಣದಂತೆ ಮಾಡಿದ ಈ ಉಪಾಯವಿಲ್ಲದಿದ್ದರೆ ಸ್ಪ್ರಿಂಗಿನ ಮೇಲೆ ಸಲ್ಲದ ಒತ್ತಡ ಬೀಳುತ್ತಿತ್ತು.

ಗಡಿಯಾರ ದುರಸ್ತಿ ಮಾಡುವವರು ಸದ್ದನ್ನು ವೈದ್ಯನು ನಾಡಿಯನ್ನು ನೋಡುವಂತೆ ನೋಡುತ್ತಾರೆ. ನಾವು ಕೇಳುವ ಟಿಕ್ ಟಿಕ್ ಎಂಬುದು, ಓಡುವ ಹಲ್ಲುಚಕ್ರವನ್ನು ಒಂದೊಂದೇ ಹಲ್ಲಿನಂತೆ ತಡೆದು ಬಿಡುವಾಗ ಏಳುವ ಸದ್ದು. ಅದು ಸಮನಾಗಿರಬೇಕು, ಕುಂಟಬಾರದು. ತಾನೇ ಕೀಲಿ ಕೊಟ್ಟುಕೊಳ್ಳುವ ಗಡಿಯಾರದಲ್ಲಿ ಇದರ ಜೊತೆಗೆ ತೂಕದ ಸದ್ದೂ ಸೇರುತ್ತದೆ. ಎರಡನ್ನೂ ಬೇರ್ಪಡಿಸುವುದು ಕಷ್ಟವಲ್ಲ. ಗಡಿಯಾರವನ್ನು ಅಲುಗಿಸದೆ ಕಿವಿಗೆ ಹಿಡಿದಾಗಲೂ ಅಪಸ್ವರ ಕೇಳಿಸಿದರೆ ದೋಷವನ್ನು ಓಡುವ ಚಕ್ರಗಳ ಕಡೆ ಹುಡುಕಬೇಕು. ಮೆಲ್ಲನೆ ಆಡಿಸಿದಾಗ ಮಾತ್ರ ಕೇಳಿಸಿದರೆ ತೂಕದ ಕಡೆ ಹುಡುಕಬೇಕು. ಗರಗರನೆ ಉಜ್ಜುವ ಸದ್ದಾದರೆ ಅಚ್ಚು ಸವೆದು ತೂಕವು ಗೂಡಿಗೆ ತಾಗುತ್ತಿರಬಹುದು. ಗಲಗಲ ಎಂದರೆ ತಿರುಪೊಂದು ಸಡಿಲವಾಗಿರಬಹುದು. 1920ರ ದಶಕದಲ್ಲಿ ಇಂಗ್ಲೆಂಡಿನ ಜಾನ್ ಹಾರ್ವುಡ್ ಇದೇ ತತ್ತ್ವವನ್ನು ಕೈಗಡಿಯಾರಕ್ಕೆ ತಂದಾಗ ಅವನ ತೂಕವೂ ಎರಡು ಸ್ಪ್ರಿಂಗುಗಳ ನಡುವೆಯೇ ಆಡುತ್ತಿತ್ತು. ಮಣಿಕಟ್ಟಿಗೆ ಅದರ ಮೆಲುಬಡಿತ ತಿಳಿಯುತ್ತಿತ್ತು. ಪೂರ್ತಿ ಸುತ್ತು ತಿರುಗುವ ತೂಕಗಳು ಕೈಗಡಿಯಾರಗಳಲ್ಲಿ ರೂಢಿಗೆ ಬಂದುದು ಆಮೇಲೆ.

ಬೇಕಾದ ಸದ್ದನ್ನು ಇಂಪುಗೊಳಿಸುವುದನ್ನೂ ಬ್ರೆಗೆ ಬಲ್ಲವನಾಗಿದ್ದನು. ಕತ್ತಲೆಯಲ್ಲಿ ಗುಂಡಿಯನ್ನು ಒತ್ತಿದರೆ ಹೊತ್ತನ್ನು ಬಡಿದು ಹೇಳುವ ಗಡಿಯಾರಗಳು ಆಗ ಇದ್ದವು. ಅವುಗಳೊಳಗಿನ ಗಂಟೆ ಬಹಳ ಜಾಗವನ್ನು ನುಂಗುತ್ತಿತ್ತು. 1783ರಲ್ಲಿ ಬ್ರೆಗೆ ಗಂಟೆಯನ್ನು ತೆಗೆದು, ಬಾಗಿಸಿದ ಉಕ್ಕಿನ ತಂತಿಯನ್ನು ಇರಿಸಿದನು. ಗಡಿಯಾರ ತೆಳ್ಳಗಾಯಿತು, ನಾದವೂ ಇನಿದಾಯಿತು.

ಫ್ರಾನ್ಸಿನ ಮಹಾಕ್ರಾಂತಿ ಅವನ ಬಾಳನ್ನೂ ಅಲುಗಿಸಿತು. ಅರಮನೆಯ ಗಿರಾಕಿಗಳಿದ್ದವನ ತಲೆ ಭುಜದ ಮೇಲೆ ನಿಲ್ಲುವ ಭರವಸೆಯಿರಲಿಲ್ಲ. ಕ್ರಾಂತಿಯ ನಾಯಕನಾದ ಮರಾ ಅವನ ಮಿತ್ರನು. ಅವನ ನೆರವಿನಿಂದಲೇ ರಹದಾರಿ ದೊರೆಯಿತೆಂದು ಹೇಳುತ್ತಾರೆ. 1793ರಲ್ಲಿ ಬ್ರೆಗೆ ಸ್ವಿಟ್ಜರ್ಲೆಂಡಿಗೆ ಹೋದನು. 1795ರಲ್ಲಿ ಹಿಂದಿರುಗಿ, ಹಾಳಾಗಿದ್ದ ಕಾರ್ಯಾಗಾರವನ್ನು ಮತ್ತೆ ಕಟ್ಟಿದನು. ಸ್ವಯಂಚಾಲಿತ ಗಡಿಯಾರಗಳು ಬಹು ದುಬಾರಿಯಾದುದರಿಂದ ಮುಂದೆ ಅವುಗಳ ತಯಾರಿಕೆ ಕಡಿಮೆಯಾಯಿತು. ಬದಲಾಗಿ, ಬೆಲೆಯ ನಾಲ್ಕನೆಯ ಒಂದು ಪಾಲನ್ನು ಮುಂಗಡವಾಗಿ ಕೊಟ್ಟವರಿಗೆ ಒಂದೇ ಮುಳ್ಳಿನ ಸರಳ ಗಡಿಯಾರವನ್ನು ಮಾಡಿಕೊಡತೊಡಗಿದನು.

ಜೇಬಿನಿಂದ ಜಾರಿ ಬಿದ್ದರೆ ಗಡಿಯಾರದ ಸೂಕ್ಷ್ಮವಾದ ಅಚ್ಚು ಮುರಿಯುತ್ತಿದ್ದುದೂ ಅವನನ್ನು ಕಾಡಿದ ಸಮಸ್ಯೆ. ಅಚ್ಚಿನ ತುದಿಯನ್ನು ಆತುಕೊಳ್ಳುವ ಮಾಣಿಕ್ಯವನ್ನು ಪುಟ್ಟ ಸ್ಪ್ರಿಂಗಿನ ಮೇಲೆ ಕೂರಿಸಿ, 1790ರ ವೇಳೆಗೆ ಅದಕ್ಕೂ ಪರಿಹಾರವನ್ನು ಕಂಡಿದ್ದನು. ಗಣ್ಯರ ಕೂಟವೊಂದರಲ್ಲಿ ತನ್ನ ಗಡಿಯಾರವನ್ನು ತಾನೇ ನೆಲಕ್ಕೆಸೆದು, ನಡೆಯುತ್ತಿದ್ದುದನ್ನು ಎತ್ತಿ ತೋರಿಸಿದನೆಂಬ ಕಥೆ ಪ್ರಚಲಿತವಾಗಿದೆ. ನೆಟ್ಟಗೆ ನಿಂತ ಗಡಿಯಾರದಲ್ಲಿ ಭೂಮಿಯ ಸೆಳೆತದಿಂದ ಬರುವ ತಪ್ಪನ್ನು ಸರಿದೂಗಿಸುವ ಸುತ್ತುಪಂಜರಕ್ಕೆ 1801ರಲ್ಲಿ ಹಕ್ಕುಪತ್ರವನ್ನು ಪಡೆದನು. ನೇಪಲ್ಸಿನ ರಾಣಿಗಾಗಿ 1812ರಲ್ಲಿ ಮಣಿಕಟ್ಟಿಗೆ ಕಟ್ಟುವ ಗಡಿಯಾರವೊಂದನ್ನು ಮುಗಿಸಿದುದು ಅವನ ದಾಖಲೆಗಳಿಂದ ತಿಳಿಯುತ್ತದೆ.

ಕೆಲಸಗಾರರ ವಿಷಯದಲ್ಲಿ ಅವನು ಉದಾರಿ. ಒಳ್ಳೆಯ ಕೆಲಸಗಾರನ ಕೂಲಿಯ ಲೆಕ್ಕ ಸೊನ್ನೆಯಿಂದ ಕೊನೆಗೊಂಡಿದ್ದರೆ, ಸೊನ್ನೆಗೆ ಬಾಲವೆಳೆದು ಅದನ್ನು ಅವರ ಅಂಕೆಯ ಒಂಬತ್ತಾಗಿ ಮಾಡುತ್ತಿದ್ದನಂತೆ. 1816ರಲ್ಲಿ ಫ್ರಾನ್ಸಿನ ವಿಜ್ಞಾನ ಅಕಾಡೆಮಿ ಅವನನ್ನು ಸದಸ್ಯನನ್ನಾಗಿ ಮಾಡಿಕೊಂಡಿತು. 1823ರ ಸೆಪ್ಟೆಂಬರ್ 17ರಂದು ಬ್ರೆಗೆ ಪ್ಯಾರಿಸಿನಲ್ಲಿ ಕೊನೆಯುಸಿರೆಳೆದನು.

ಆಗ ಅವನ ಕಾರ್ಯಾಗಾರದಲ್ಲಿ ಗಡಿಯಾರವೊಂದು ಇನ್ನೂ ಮುಗಿಯದೆ ಉಳಿದಿದ್ದಿತು. ಅದರ ಸಂಖ್ಯೆ 160. ಮೇರಿ ಆಂತ್ವಾನೆತ್ತಳಿಗೆಂದು 1783ರಲ್ಲಿ ಅದನ್ನು ಮಾಡಲು ಹೇಳಿದ್ದರು. ರಾಣಿ ಕ್ರಾಂತಿಕಾರರ ಕೈಯಲ್ಲಿ ಪ್ರಾಣ ತೆತ್ತು ಮೂವತ್ತು ವರ್ಷಗಳೇ ಕಳೆದಿದ್ದವು. ಮಗನ ಕಾಲದಲ್ಲಿ, 1827ರಲ್ಲಿ, ಅದು ಪೂರ್ಣವಾಯಿತು. 1983ರಲ್ಲಿ ಜೆರೂಸಲೇಮಿನ ವಸ್ತುಸಂಗ್ರಹಾಲಯದಿಂದ ಕಳುವಾಗಿ, 2007ರಲ್ಲಿ ಮರಳಿ ಬಂದುದು ಈ ಗಡಿಯಾರವೇ. ನಡೆಯುವವನ ಹೆಜ್ಜೆಯಿಂದ ಕೀಲಿ ಪಡೆಯುವ ಪ್ಲಾಟಿನಂ ತೂಕವು ಅದರಲ್ಲಿಯೂ ಇದೆ.